ಮುನ್ನಡೆಯಲ್ಲಿದ್ದಾಗ ಏನು ಮಾಡಬೇಕು? ಗಡಿಯಾರವಿರುವ ಆಟ, ಗಡಿಯಾರವಿಲ್ಲದ ಆಟ

ಹಿಂದಿನಗೆರೆ

ಕಳೆದ ಭಾನುವಾರ ಬೆಳಿಗ್ಗೆ ನಾನು ಟೆನಿಸ್ ಪಂದ್ಯವೊಂದರ ನಿರ್ಣಾಯಕ ಸೆಟ್‌ನಲ್ಲಿ 5–2ರಿಂದ ಮುಂದಿದ್ದೆ. ಸರ್ವ್ ನನ್ನದು, ಅಂಕ 40–15. ಎರಡು ಮ್ಯಾಚ್ ಪಾಯಿಂಟ್‌ಗಳು ಕೈಯಲ್ಲಿದ್ದವು, ಅಂದರೆ ಎರಡರಲ್ಲಿ ಒಂದು ಅಂಕ ಬಂದರೂ ಪಂದ್ಯ ನನ್ನದು. ಅರ್ಧ ಗಂಟೆಯೊಳಗೆ 5–7ರಲ್ಲಿ ಸೋತು, ಎದುರಾಳಿಯ ಕೈ ಕುಲುಕಿ, ಬ್ಯಾಗಿಗೆ ರಾಕೆಟ್ ತುರುಕುತ್ತಿದ್ದೆ. ಅವರು ಅದ್ಭುತವಾಗಿ ಆಡಿದರು ಎಂದು ಹೇಳಿಕೊಳ್ಳುವ ಸಮಾಧಾನವೂ ನನಗಿಲ್ಲ, ಏಕೆಂದರೆ ಅವರು ಚೆಂಡನ್ನು ವಾಪಸು ಕಳಿಸಿದರು ಅಷ್ಟೆ. ಉಳಿದದ್ದನ್ನೆಲ್ಲ ನಾನೇ ಮಾಡಿದೆ. ಗಾಳಿಯೂ ಸ್ವಲ್ಪ ಜೋರಾಗಿತ್ತು.

ಅದೇ ರಾತ್ರಿ ನಾನು ಬೆಂಬಲಿಸುವ ಫುಟ್‌ಬಾಲ್ ತಂಡ 1–0ರಿಂದ ಮುಂದಿತ್ತು. ಕೊನೆಯ ಇಪ್ಪತ್ತು ನಿಮಿಷ ಆ ತಂಡ ಆಡಿದ್ದನ್ನು ಆಟವೆಂದು ಕರೆಯಲು ನಾಲಿಗೆ ಏಳುವುದಿಲ್ಲ. ಚೆಂಡನ್ನು ಕಂಡಕಂಡ ಕಡೆ ಒದ್ದರು, ಥ್ರೋ ಎಸೆಯುವ ಮೊದಲು ಚೆಂಡನ್ನು ಮೂರು ಸಲ ಒರೆಸಿದರು, ಕಾರ್ನರ್ ಧ್ವಜದ ಬಳಿ ಮೈಯಡ್ಡ ಕೊಟ್ಟು ನಿಂತರು. ಗೆದ್ದರು. ನಾನು ಕುರ್ಚಿಯಿಂದ ಎದ್ದು ಕುಣಿದೆ.

ಮಲಗಿದ ಮೇಲೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಾನು ಮಾಡಲು ಹೊರಟಿದ್ದೂ ಅದನ್ನೇ ಅಲ್ಲವೇ? ಮುನ್ನಡೆ ಸಿಕ್ಕಿದೆ, ಇನ್ನು ಹೇಗಾದರೂ ಹೊತ್ತು ಕಳೆದರೆ ಸಾಕು ಎಂದುಕೊಂಡು ಮೆತ್ತಗೆ ಆಡಿದೆ. ಆದರೆ ಟೆನಿಸ್‌ನಲ್ಲಿ ಕಳೆಯುವುದಕ್ಕೆ ಹೊತ್ತೇ ಇಲ್ಲ. ಕೊನೆಯ ಅಂಕವನ್ನು ಯಾರಾದರೂ ಗೆಲ್ಲುವವರೆಗೆ ಪಂದ್ಯ ಮುಗಿಯುವುದಿಲ್ಲ, ನಾನು ಗೆಲ್ಲದಿದ್ದರೆ ಅವರು ಗೆಲ್ಲುತ್ತಾರೆ. ನಾನು ಕಚೇರಿಯಲ್ಲೂ ಮನೆಯಲ್ಲೂ ಹೀಗೆಯೇ ಬದುಕುತ್ತಿದ್ದೇನೆಯೇ ಎಂಬ ಅನುಮಾನ ಈಗ ಕಾಡುತ್ತಿದೆ. ನಿಮ್ಮ ದಿನಗಳು ಯಾವ ಆಟದಂತಿವೆ? ಅದಕ್ಕಿಂತ ಮುಖ್ಯವಾಗಿ, ಗಡಿಯಾರವಿಲ್ಲದ ಆಟದಲ್ಲಿ ಮುನ್ನಡೆಯನ್ನು ಕಾಯುವುದು ಹೇಗೆ?

ಎಡಗಾಲು

ಗಾಳಿಯೂ ಜೋರಾಗಿತ್ತು ಎಂಬ ವಾಕ್ಯವನ್ನು ಓದಿ ಸಂತೋಷವಾಯಿತು. ಕುಣಿಯಲಾರದವಳಿಗೆ ನೆಲ ಡೊಂಕು. ಎದುರಾಳಿಯ ಕಡೆಗೆ ಬೇರೆ ಗಾಳಿ ಬೀಸುತ್ತಿತ್ತೇ?

ಹಿಂದಿನಗೆರೆ

ಪ್ರತಿ ಎರಡು ಗೇಮ್‌ಗೊಮ್ಮೆ ಬದಿ ಬದಲಿಸುತ್ತೇವೆ ಎಂಬುದು ನನಗೂ ಗೊತ್ತು ಸ್ವಾಮಿ. ಆ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಎಡಗಾಲು

ಸರಿ, ಈಗ ವಿಷಯಕ್ಕೆ ಬರುತ್ತೇನೆ. ಫುಟ್‌ಬಾಲ್‌ನಲ್ಲಿ ಗಡಿಯಾರವು ಮುನ್ನಡೆಯಲ್ಲಿರುವವರ ಸ್ನೇಹಿತ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. 1999ರ ಮೇ 26ರಂದು ಬಾರ್ಸಿಲೋನಾದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೆನಪಿಸಿಕೊಳ್ಳಿ. ಬಯರ್ನ್ ಮ್ಯೂನಿಕ್ ಆರನೇ ನಿಮಿಷದಲ್ಲೇ ಗೋಲು ಹೊಡೆದು 90 ನಿಮಿಷಗಳವರೆಗೂ ಅದನ್ನು ಕಾಯ್ದುಕೊಂಡಿತ್ತು. ಹೆಚ್ಚುವರಿಯಾಗಿ ಸೇರಿಸಿದ ಮೂರು ನಿಮಿಷಗಳಲ್ಲಿ ಎರಡು ಕಾರ್ನರ್‌ಗಳು ಬಂದವು, ಶೆರಿಂಗ್‌ಹ್ಯಾಮ್ ಒಂದು ಗೋಲು, ಸೋಲ್ಶೇರ್ ಇನ್ನೊಂದು ಗೋಲು ಹೊಡೆದರು, ಕಪ್ಪು ಮ್ಯಾಂಚೆಸ್ಟರ್ ಯುನೈಟೆಡ್‌ನ ಪಾಲಾಯಿತು. ಬಯರ್ನ್ ಆಟಗಾರರು ನೆಲದ ಮೇಲೆ ಬಿದ್ದಿದ್ದರು, ರೆಫರಿ ಅವರನ್ನು ಎಬ್ಬಿಸಿ ಆಟ ಮುಂದುವರಿಸಬೇಕಾಯಿತು. ಅವರಿಗೆ ಕೇಳಿ ನೋಡಿ, ಗಡಿಯಾರ ಯಾರ ಸ್ನೇಹಿತ ಎಂದು.

ಟೆನಿಸ್‌ನಲ್ಲಿ ನೀವು 5–2ರಿಂದ ಸೋಲಲು ಅರ್ಧ ಗಂಟೆ ಬೇಕಾಯಿತು, ನಡುವೆ ಕುಳಿತು ನೀರು ಕುಡಿದು ಯೋಚಿಸಲು ಅವಕಾಶವೂ ಇತ್ತು. ಫುಟ್‌ಬಾಲ್‌ನಲ್ಲಿ ಎರಡೇ ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ, ತಿದ್ದಿಕೊಳ್ಳಲು ಸಮಯವೇ ಉಳಿದಿರುವುದಿಲ್ಲ. ಯಾವುದು ಹೆಚ್ಚು ಕ್ರೂರ ಎಂಬುದನ್ನು ನೀವೇ ಹೇಳಿ.

ನೆಟ್‌ಬಳಿಯವಳು

ಕುಳಿತು ಯೋಚಿಸಲು ಅವಕಾಶವಿರುವುದೇ ಕ್ರೂರ ಎಂಬುದು ಟೆನಿಸ್ ಆಡಿದ ಯಾರಿಗಾದರೂ ತಿಳಿದಿರುತ್ತದೆ. ಬದಿ ಬದಲಿಸುವಾಗ ಸಿಗುವ ಆ 90 ಸೆಕೆಂಡುಗಳಲ್ಲಿ ಮನುಷ್ಯ ತನ್ನ ಮೇಲೆ ತಾನೇ ಮೊಕದ್ದಮೆ ಹೂಡಿ, ವಾದಿಸಿ, ತೀರ್ಪನ್ನೂ ಬರೆದುಬಿಡುತ್ತಾನೆ.

ಈ ವಿಷಯಕ್ಕೆ 1993ರ ವಿಂಬಲ್ಡನ್ ಮಹಿಳೆಯರ ಫೈನಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸ್ಟೆಫಿ ಗ್ರಾಫ್ ವಿರುದ್ಧ ಯಾನಾ ನೊವೊಟ್ನಾ ಮೂರನೇ ಸೆಟ್‌ನಲ್ಲಿ 4–1ರಿಂದ ಮುಂದಿದ್ದರು, ಸರ್ವ್ ಅವರದು, ಅಂಕ 40–30. ಒಂದು ಅಂಕ ಬಂದಿದ್ದರೆ 5–1. ಅಲ್ಲಿ ಎರಡೂ ಸರ್ವ್‌ಗಳು ತಪ್ಪಿ ಡಬಲ್ ಫಾಲ್ಟ್ ಆಯಿತು, ಅಂಕ ಎದುರಾಳಿಗೆ ಹೋಯಿತು. ಆಮೇಲೆ ಅವರಿಗೆ ಒಂದು ಗೇಮ್ ಕೂಡ ದಕ್ಕಲಿಲ್ಲ, ಸೆಟ್ 4–6ರಲ್ಲಿ ಹೋಯಿತು. ಬಹುಮಾನ ವಿತರಣೆಯ ವೇಳೆ ಅವರು ಬ್ರಿಟಿಷ್ ರಾಜಮನೆತನದ ಕೆಂಟ್‌ನ ಡಚೆಸ್ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತ ಚಿತ್ರವನ್ನು ಟೆನಿಸ್ ನೋಡದವರೂ ನೋಡಿರುತ್ತಾರೆ.

ಜನರು ಆ ಚಿತ್ರವನ್ನು ನೆನಪಿಟ್ಟುಕೊಂಡು ನೊವೊಟ್ನಾ ಹೆದರಿ ಮೆತ್ತಗಾದರು ಎಂದು ಹೇಳುತ್ತಾರೆ. ಪಂದ್ಯವನ್ನು ಮತ್ತೆ ನೋಡಿ. ಅವರು ಮೆತ್ತಗೆ ಆಡಲಿಲ್ಲ. ಡಬಲ್ ಫಾಲ್ಟ್ ಆದದ್ದೇ ಎರಡನೇ ಸರ್ವ್ ಅನ್ನೂ ಬಲವಾಗಿ ಹೊಡೆದುದರಿಂದ. ಹೀಗಿರುವಾಗ, ಮೆತ್ತಗೆ ಆಡಿದೆ, ಅದಕ್ಕೇ ಸೋತೆ ಎಂಬ ನಿಮ್ಮ ವಿವರಣೆ ನನಗೆ ಅಷ್ಟು ಸರಳವಾಗಿ ಕಾಣುವುದಿಲ್ಲ. ಅವಸರವೂ ಹೊತ್ತು ಕಳೆಯುವ ಇನ್ನೊಂದು ಉಪಾಯವೇ. ಬೇಗ ಮುಗಿದುಹೋಗಲಿ, ಈ ಸ್ಥಿತಿಯಿಂದ ಹೊರಬಂದರೆ ಸಾಕು ಎಂಬ ಆತುರದಲ್ಲಿ ಹೊಡೆದ ಚೆಂಡು ಗೆರೆಯಾಚೆ ಬೀಳುತ್ತದೆ.

ಇನ್ನೊಂದು ಮಾತು: ಅದೇ ನೊವೊಟ್ನಾ 1998ರಲ್ಲಿ ಅದೇ ಅಂಗಣದಲ್ಲಿ ಪ್ರಶಸ್ತಿ ಗೆದ್ದರು. ಈ ಅರ್ಧವನ್ನು ಬಿಟ್ಟು ಮೊದಲ ಅರ್ಧವನ್ನಷ್ಟೇ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಂಕಿಪ್ರಿಯ

ಎಲ್ಲರೂ ಮನಸ್ಸು, ಭಯ, ಆತುರ ಎಂದು ಮಾತನಾಡುತ್ತಿದ್ದೀರಿ. ಟೆನಿಸ್‌ನ ಅಂಕಪದ್ಧತಿಯೇ ವಿಚಿತ್ರವಾದದ್ದು ಎಂಬುದನ್ನು ಮೊದಲು ಗಮನಿಸಬೇಕು. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ ಒಟ್ಟು 218 ಅಂಕಗಳನ್ನು ಗೆದ್ದರು, ಜೊಕೊವಿಚ್ ಗೆದ್ದದ್ದು 204. ಪ್ರಶಸ್ತಿ ಜೊಕೊವಿಚ್ ಅವರಿಗೆ ಹೋಯಿತು. ಐದನೇ ಸೆಟ್‌ನಲ್ಲಿ 8–7, 40–15 ಎಂದು ಫೆಡರರ್ ಸರ್ವ್ ಮಾಡುತ್ತಿದ್ದರು, ಎರಡು ಚಾಂಪಿಯನ್‌ಶಿಪ್ ಪಾಯಿಂಟ್‌ಗಳಿದ್ದವು, ಎರಡೂ ಕೈತಪ್ಪಿದವು. ಹಿಂದಿನಗೆರೆ ಅವರೇ, ಅಂಕವನ್ನು ಗಮನಿಸಿ: ನಿಮ್ಮದೂ 40–15. ನೀವು ಕೆಟ್ಟ ಸಂಗದಲ್ಲೇನೂ ಇಲ್ಲ.

ಇದನ್ನು ತಿರುವುಹಾಕಿಯೂ ನೋಡಬಹುದು. 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಫೆಡರರ್ ಹೇಳಿದ ಲೆಕ್ಕ ಹೀಗಿದೆ: ಅವರು ಆಡಿದ ಸಿಂಗಲ್ಸ್ ಪಂದ್ಯಗಳು 1,526, ಗೆದ್ದವು ಹೆಚ್ಚುಕಡಿಮೆ ಶೇ 80, ಆದರೆ ಗೆದ್ದ ಅಂಕಗಳು ಶೇ 54 ಮಾತ್ರ. ನೂರರಲ್ಲಿ 55 ಅಂಕಗಳನ್ನು ಗೆಲ್ಲುವ ಆಟಗಾರ ಗೇಮ್‌ಗಳ ಲೆಕ್ಕಕ್ಕೆ ಬಂದಾಗ ನೂರರಲ್ಲಿ ಸುಮಾರು 62ನ್ನು ಗೆಲ್ಲುತ್ತಾನೆ, ಸೆಟ್‌ಗಳಿಗೆ ಬಂದಾಗ ಆ ಅಂತರ ಇನ್ನೂ ಹಿಗ್ಗುತ್ತದೆ. ಸಣ್ಣ ಮೇಲುಗೈಯನ್ನು ದೊಡ್ಡದಾಗಿ ತೋರಿಸುವ ಯಂತ್ರ ಅದು. ಫುಟ್‌ಬಾಲ್ ಇದಕ್ಕೆ ತದ್ವಿರುದ್ಧ. ಅಲ್ಲಿ ಗೋಲು ಅಪರೂಪ, ಆದ್ದರಿಂದ ದಿನವಿಡೀ ಚೆನ್ನಾಗಿ ಆಡಿದ ತಂಡವೂ ಒಂದು ಜಾರಿದ ಹೆಜ್ಜೆಯಿಂದ ಸೋಲಬಹುದು.

ನನ್ನ ಅನುಭವದಲ್ಲಿ ಸಂಬಳದ ಕೆಲಸ ಫುಟ್‌ಬಾಲ್‌ನಂತೆ, ಓದು ಟೆನಿಸ್‌ನಂತೆ. ವರ್ಷವಿಡೀ ದುಡಿದದ್ದನ್ನು ಒಂದು ತಪ್ಪು ಮಿಂಚಂಚೆ ಅಳಿಸಿಹಾಕುತ್ತದೆ. ಓದಿನಲ್ಲಿ ಹಾಗಲ್ಲ, ನೂರರಲ್ಲಿ 55 ಸಾಕು, ದಿನವೂ ಬರಬೇಕಷ್ಟೆ.

ಎಡಗಾಲು

ಹಾಗಾದರೆ ಫುಟ್‌ಬಾಲ್ ಬರೀ ಅದೃಷ್ಟದಾಟ ಎಂದು ಹೇಳುತ್ತಿದ್ದೀರಾ? 2014ರ ಜುಲೈ 8ರಂದು ವಿಶ್ವಕಪ್‌ನಲ್ಲಿ ಬ್ರೆಜಿಲ್ ತನ್ನದೇ ನೆಲದಲ್ಲಿ ಜರ್ಮನಿಗೆ 1–7ರಿಂದ ಸೋತಿತು, 29 ನಿಮಿಷಗಳಾಗುವಷ್ಟರಲ್ಲಿ ಐದು ಗೋಲುಗಳು ಬಿದ್ದಿದ್ದವು. ಐದು ಸಲ ಕಾಲು ಜಾರಿತೇ?

ಅಂಕಿಪ್ರಿಯ

ಅಪರೂಪದ ಒಂದು ಪಂದ್ಯವನ್ನು ಹಿಡಿದು ವಾದಿಸುವುದಾದರೆ ನಾನು ಹತ್ತು ಶೂನ್ಯ–ಶೂನ್ಯ ಪಂದ್ಯಗಳನ್ನು ತಂದು ನಿಮ್ಮ ಮುಂದಿಡುತ್ತೇನೆ. ನೀವು ಅವುಗಳನ್ನೆಲ್ಲ ಪೂರ್ತಿಯಾಗಿ ನೋಡಬೇಕು.

ಎಡಗಾಲು

ಬೆದರಿಕೆ ಹಾಕಬೇಡಿ.

ಬದಲಿಆಟಗಾರ್ತಿ

ಇಲ್ಲಿ ಓದುತ್ತೇನೆ, ಬರೆಯುವುದು ಅಪರೂಪ. ಮೊದಲ ಬರಹದ ಪ್ರಶ್ನೆಯನ್ನು ಎಲ್ಲರೂ ಮರೆತಂತಿದೆ, ಆದ್ದರಿಂದ ಉತ್ತರಿಸುತ್ತೇನೆ.

ನನ್ನ ದಿನಗಳು ಟೆನಿಸ್‌ನಂತಿವೆ. ಎರಡು ವರ್ಷಗಳಿಂದ ಅಮ್ಮನಿಗೆ ಹಾಸಿಗೆ ಬಿಟ್ಟು ಏಳಲಾಗುತ್ತಿಲ್ಲ. ಬೆಳಿಗ್ಗೆ ಮಗ್ಗುಲು ಬದಲಿಸುವುದು, ಮದ್ದು, ಸ್ನಾನ, ಮತ್ತೆ ಮಗ್ಗುಲು, ಮತ್ತೆ ಮದ್ದು. ಇದರಲ್ಲಿ ಅಂತಿಮ ಸೀಟಿ ಎಂಬುದಿಲ್ಲ. ಅಂತಿಮ ಸೀಟಿ ಊದಲಿ ಎಂದು ಬಯಸುವುದರ ಅರ್ಥವೇನೆಂದು ನಿಮಗೆಲ್ಲ ಗೊತ್ತಾಗುತ್ತದೆ, ಆದ್ದರಿಂದ ನಾನು ಗಡಿಯಾರವನ್ನು ಬಯಸುವಂತೆಯೂ ಇಲ್ಲ. ಒಂದು ಅಂಕ ಮುಗಿದರೆ ಮುಂದಿನ ಅಂಕ, ಅಷ್ಟೆ.

ನನಗೆ ಅಸೂಯೆಯಾಗುವುದು ಫುಟ್‌ಬಾಲ್‌ನ ಗಡಿಯಾರವನ್ನು ಕಂಡಲ್ಲ, ಬದಲಿ ಆಟಗಾರರ ಬೆಂಚನ್ನು ಕಂಡು. ಈಗ ಒಂದು ಪಂದ್ಯದಲ್ಲಿ ಐವರನ್ನು ಬದಲಿಸಬಹುದಲ್ಲವೇ? ನಾಲ್ಕನೇ ಅಧಿಕಾರಿ ಅಂಕಿಯ ಫಲಕವನ್ನು ಮೇಲೆತ್ತುತ್ತಾನೆ, ಸುಸ್ತಾದವನು ಚಪ್ಪಾಳೆ ತಟ್ಟುತ್ತಾ ಹೊರಗೆ ಬರುತ್ತಾನೆ, ಒಬ್ಬರು ಅವನ ಹೆಗಲಿಗೆ ಕೋಟು ಹೊದಿಸುತ್ತಾರೆ. ಆ ಕೋಟು ಹೊದಿಸುವ ದೃಶ್ಯವನ್ನು ನಾನು ಗೋಲಿಗಿಂತ ಹೆಚ್ಚು ಗಮನವಿಟ್ಟು ನೋಡುತ್ತೇನೆ. ನನ್ನ ಅಣ್ಣ ತಿಂಗಳಿಗೊಮ್ಮೆ ಬರುತ್ತಾನೆ, ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಸಲಹೆ ಕೊಡುತ್ತಾನೆ. 2025ರಿಂದ ಟೆನಿಸ್‌ನ ನಿಯಮಗಳಲ್ಲೂ ಅಂಗಣದ ಹೊರಗಿನಿಂದ ತರಬೇತುದಾರರು ಸಲಹೆ ಕೊಡಲು ಅವಕಾಶ ಮಾಡಿದ್ದಾರೆ ಎಂದು ಓದಿದಾಗ ನನಗೆ ನಗು ಬಂತು. ಸಲಹೆಗೆ ಎಂದೂ ಕೊರತೆ ಇರಲಿಲ್ಲ.

ನೆಟ್‌ಬಳಿಯವಳು

ಮೇಡಂ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಬದಿ ಬದಲಿಸುವಾಗಿನ 90 ಸೆಕೆಂಡುಗಳನ್ನು ನಾನು ಮೇಲೆ ಹಳಿದಿದ್ದೆ. ನಿಮಗೆ ಅದಾದರೂ ಸಿಗುತ್ತದೆಯೇ?

ಬದಲಿಆಟಗಾರ್ತಿ

ಸಿಗುತ್ತದೆ. ರಾತ್ರಿ ಅಮ್ಮ ನಿದ್ದೆಹೋದ ಮೇಲೆ ಧ್ವನಿ ಪೂರ್ತಿ ತಗ್ಗಿಸಿ ಪಂದ್ಯ ನೋಡುತ್ತೇನೆ. ಧ್ವನಿಯಿಲ್ಲದೆ ಟೆನಿಸ್ ನೋಡಿದ್ದೀರಾ? ಆಟಗಾರರ ಕಾಲುಗಳು ಎಷ್ಟು ಕೆಲಸ ಮಾಡುತ್ತವೆ ಎಂಬುದು ಆಗ ಕಾಣುತ್ತದೆ. ಚೆಂಡು ಹೊಡೆಯುವ ಒಂದು ಕ್ಷಣಕ್ಕಾಗಿ ಹತ್ತು ಸಣ್ಣ ಹೆಜ್ಜೆಗಳನ್ನು ಇಡುತ್ತಾರೆ. ಅಣ್ಣನಿಗೆ ಇದನ್ನು ಇನ್ನೂ ಹೇಳಿಲ್ಲ.

ಸೀಟಿಊದುವವ

ನಾನು ಹವ್ಯಾಸಿ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತೇನೆ. ಹಿಂದಿನಗೆರೆ ಅವರು ಕುಣಿದು ಸಂಭ್ರಮಿಸಿದ ಆ ಕೊನೆಯ ಇಪ್ಪತ್ತು ನಿಮಿಷಗಳ ಬಗ್ಗೆ ನನಗೆ ಬೇರೆಯದೇ ಅಭಿಪ್ರಾಯವಿದೆ.

ಫುಟ್‌ಬಾಲ್‌ನ ಗಡಿಯಾರ ಕಾಣುವಷ್ಟು ಪ್ರಾಮಾಣಿಕವಲ್ಲ. 90 ನಿಮಿಷಗಳಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ದೊಡ್ಡ ಲೀಗ್‌ಗಳಲ್ಲೂ ಸಾಮಾನ್ಯವಾಗಿ ಒಂದು ಗಂಟೆಗಿಂತ ಕಡಿಮೆ. ಮುನ್ನಡೆಯಲ್ಲಿರುವವರು ಮಿಕ್ಕ ಸಮಯವನ್ನು ಹಿಗ್ಗಿಸಲು ನೋಡುತ್ತಾರೆ, ನಿಯಮ ರೂಪಿಸುವವರು ಅದನ್ನು ಕುಗ್ಗಿಸಲು ನೋಡುತ್ತಾರೆ. ಈ ಹಗ್ಗಜಗ್ಗಾಟವೇ ಒಂದು ಇತಿಹಾಸ. ಡಿಫೆಂಡರ್ ಹಿಂದಕ್ಕೆ ಒದ್ದ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿದು ಹೊತ್ತು ಕಳೆಯುತ್ತಿದ್ದುದರಿಂದ 1992ರಲ್ಲಿ ಅದನ್ನು ನಿಷೇಧಿಸಿದರು. ಕೈಗೆ ಬಂದ ಚೆಂಡನ್ನು ಆರು ಸೆಕೆಂಡುಗಳೊಳಗೆ ಬಿಡಬೇಕೆಂಬ ನಿಯಮ ಬಹುಕಾಲ ಪುಸ್ತಕದಲ್ಲೇ ಉಳಿದಿತ್ತು, ಏಕೆಂದರೆ ಅದಕ್ಕೆ ಶಿಕ್ಷೆ ಗೋಲಿನ ಹತ್ತಿರವೇ ಎದುರಾಳಿಗೆ ಫ್ರೀ ಕಿಕ್. ಅಷ್ಟು ದೊಡ್ಡ ಶಿಕ್ಷೆ ವಿಧಿಸಲು ನಮ್ಮಂಥವರಿಗೆ ಧೈರ್ಯ ಬರುತ್ತಿರಲಿಲ್ಲ. 2025ರಲ್ಲಿ ಅದನ್ನು ಎಂಟು ಸೆಕೆಂಡು ಮಾಡಿ, ಶಿಕ್ಷೆಯನ್ನು ಕಾರ್ನರ್‌ಗೆ ಇಳಿಸಿದರು. ಈಗ ನಾವು ಕೈ ಎತ್ತಿ ಕೊನೆಯ ಐದು ಸೆಕೆಂಡುಗಳನ್ನು ಬೆರಳುಗಳಲ್ಲಿ ಎಣಿಸುತ್ತೇವೆ. ಶಿಕ್ಷೆ ಚಿಕ್ಕದಾದ ಮೇಲೆ ನಿಯಮಕ್ಕೆ ಜೀವ ಬಂತು. ಮಕ್ಕಳನ್ನು ಬೆಳೆಸುವವರು ಇದನ್ನು ಗಮನಿಸಬಹುದು.

ಆದ್ದರಿಂದ ಕಾರ್ನರ್ ಧ್ವಜದ ಬಳಿ ಮೈಯಡ್ಡ ಕೊಟ್ಟು ನಿಲ್ಲುವುದನ್ನು ಕಾಯುವ ಕಲೆ ಎಂದು ಕರೆಯಬೇಡಿ. ಅದು ಕಳ್ಳತನ.

ಹೆಚ್ಚುವರಿಸಮಯ

ಕಳ್ಳತನವಲ್ಲ. ಚೆಂಡು ಅಂಗಣದೊಳಗಿದೆ, ಆಟಗಾರ ಅದರ ಮೇಲೆ ಹಿಡಿತ ಸಾಧಿಸಿದ್ದಾನೆ, ಎದುರಾಳಿಗೆ ಅದನ್ನು ಕಸಿದುಕೊಳ್ಳುವ ಪೂರ್ಣ ಸ್ವಾತಂತ್ರ್ಯವಿದೆ. ಗಾಯದ ನಟನೆ ಮಾಡುವುದು ಬೇರೆ, ಚೆಂಡನ್ನು ಕಾಯುವುದು ಬೇರೆ. ಎರಡನ್ನೂ ಒಂದೇ ಮೂಟೆಗೆ ಕಟ್ಟಿದರೆ ಹೇಗೆ?

ಸೀಟಿಊದುವವ

ಎರಡನೆಯದು ನಿಯಮಬಾಹಿರವಲ್ಲ ಎಂಬುದನ್ನು ಒಪ್ಪುತ್ತೇನೆ. ಕಳ್ಳತನ ಎಂಬ ಮಾತು ಸ್ವಲ್ಪ ಜೋರಾಯಿತು. ಆದರೆ ನೋಡಲು ಹಣ ಕೊಟ್ಟು ಬಂದವರ ಪರವಾಗಿ ಒಬ್ಬರಾದರೂ ಗೊಣಗಬೇಕಲ್ಲ.

ಹೆಚ್ಚುವರಿಸಮಯ

ಟೆನಿಸ್‌ನವರೇನು ಕಡಿಮೆ? ಎರಡು ಅಂಕಗಳ ನಡುವೆ 25 ಸೆಕೆಂಡು ಎಂದು ನಿಯಮವಿದೆ, ದೊಡ್ಡ ಪಂದ್ಯಗಳಲ್ಲಿ ಎಲ್ಲರಿಗೂ ಕಾಣುವಂತೆ ಗಡಿಯಾರವನ್ನೂ ಇಟ್ಟಿದ್ದಾರೆ. ಮೊದಲ ಸಲ ಎಚ್ಚರಿಕೆ, ಆಮೇಲೂ ತಡಮಾಡಿದರೆ ಸರ್ವ್ ಮಾಡುವವರಿಗೆ ಒಂದು ಫಾಲ್ಟ್. ಗಡಿಯಾರವಿಲ್ಲದ ಆಟ ಎಂಬ ಶೀರ್ಷಿಕೆಯೇ ತಪ್ಪು.

ಹಿಂದಿನಗೆರೆ

ಆ ಗಡಿಯಾರ ತಡಮಾಡುವವರನ್ನು ಅವಸರಿಸುತ್ತದೆಯೇ ಹೊರತು ಪಂದ್ಯವನ್ನು ಮುಗಿಸುವುದಿಲ್ಲ. ಐಸ್ನರ್ ಮತ್ತು ಮಾಹುಟ್ 2010ರ ವಿಂಬಲ್ಡನ್‌ನಲ್ಲಿ ಮೂರು ದಿನಗಳ ಮೇಲೆ ಹರಡಿದ 11 ಗಂಟೆ 5 ನಿಮಿಷ ಆಡಿ, ಕೊನೆಯ ಸೆಟ್ ಅನ್ನು 70–68ರಲ್ಲಿ ಮುಗಿಸಿದರು. ಅಂಕಫಲಕವೇ 47–47ರಲ್ಲಿ ನಿಂತುಹೋಗಿತ್ತು. ಯಾವ ಗಡಿಯಾರ ಅವರನ್ನು ಮನೆಗೆ ಕಳಿಸಿತು?

ಹೆಚ್ಚುವರಿಸಮಯ

ಆ ಕಾಲ ಮುಗಿಯಿತು. 2022ರಿಂದ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್‌ಗಳಲ್ಲಿ ಕೊನೆಯ ಸೆಟ್ 6–6 ಆದೊಡನೆ ಮೊದಲು ಹತ್ತು ಅಂಕ ಗಳಿಸಿದವರು ಗೆಲ್ಲುವ ಟೈ-ಬ್ರೇಕ್ ನಡೆಯುತ್ತದೆ. ಎರಡು ಅಂಕಗಳ ಅಂತರ ಬೇಕೆಂಬುದು ನಿಜ, ಆದರೂ 70–68 ಇನ್ನು ಬರಲಾರದು. ನಿಮ್ಮ ಆಟವೂ ಗಡಿಯಾರದ ಕಡೆಗೆ ಸರಿಯುತ್ತಿದೆ.

ಒಂದೇಟಿವಿ

ಈ ತತ್ತ್ವಜ್ಞಾನವೆಲ್ಲ ಎರಡು ಟಿವಿ ಇರುವವರಿಗೆ ಸರಿ. ನಮ್ಮ ಮನೆಯಲ್ಲಿ ನಾನು ಟೆನಿಸ್, ನನ್ನ ಪತ್ನಿ ಫುಟ್‌ಬಾಲ್, ನಡುವೆ ಒಂದೇ ರಿಮೋಟ್. ನಮ್ಮ ದಾಂಪತ್ಯದ ಕಷ್ಟವನ್ನು ಅಳೆಯಲು ಮೂರು ಭಾನುವಾರಗಳು ಸಾಕು.

2018ರ ಜುಲೈ 15: ಲಂಡನ್ ಸಮಯ ಮಧ್ಯಾಹ್ನ ಎರಡಕ್ಕೆ ವಿಂಬಲ್ಡನ್ ಪುರುಷರ ಫೈನಲ್, ಸಂಜೆ ನಾಲ್ಕಕ್ಕೆ ಮಾಸ್ಕೊದಲ್ಲಿ ವಿಶ್ವಕಪ್ ಫೈನಲ್. ಕೆವಿನ್ ಆ್ಯಂಡರ್ಸನ್ ಸೆಮಿಫೈನಲ್‌ನಲ್ಲಿ ಆರೂವರೆ ಗಂಟೆ ಆಡಿ 26–24ರಲ್ಲಿ ಗೆದ್ದು ಬಂದಿದ್ದರಿಂದ ಅವರ ಕಾಲುಗಳಲ್ಲಿ ಶಕ್ತಿ ಉಳಿದಿರಲಿಲ್ಲ. ಜೊಕೊವಿಚ್ ಮೂರು ಸೆಟ್‌ಗಳಲ್ಲಿ ಮುಗಿಸಿ ನಮ್ಮ ಮನೆಯ ಶಾಂತಿ ಕಾಪಾಡಿದರು. 2021ರ ಜುಲೈ 11: ಬೆರೆಟ್ಟಿನಿ ವಿಂಬಲ್ಡನ್ ಫೈನಲ್ ಸೋತರು, ಅದೇ ಸಂಜೆ ವೆಂಬ್ಲಿಗೆ ಹೋಗಿ ತಮ್ಮ ಇಟಲಿ ಪೆನಾಲ್ಟಿಗಳಲ್ಲಿ ಇಂಗ್ಲೆಂಡನ್ನು ಸೋಲಿಸಿ ಯೂರೊ ಕಪ್ ಗೆದ್ದುದನ್ನು ನೋಡಿದರು. 2024ರ ಜುಲೈ 14: ಮಧ್ಯಾಹ್ನ ಅಲ್ಕರಾಸ್ ವಿಂಬಲ್ಡನ್ ಗೆದ್ದರು, ರಾತ್ರಿ ಬರ್ಲಿನ್‌ನಲ್ಲಿ ಯೂರೊ ಕಪ್ ಫೈನಲ್‌ನಲ್ಲಿ ಸ್ಪೇನ್ 2–1ರಿಂದ ಇಂಗ್ಲೆಂಡನ್ನು ಸೋಲಿಸಿತು.

ನನಗೆ ಇವುಗಳಲ್ಲಿ ಹೆಚ್ಚು ಇಷ್ಟವಾದದ್ದು ಬೆರೆಟ್ಟಿನಿ ಅವರ ಭಾನುವಾರ. ಬದುಕಿನ ಅತಿ ದೊಡ್ಡ ಪಂದ್ಯದಲ್ಲಿ ಸೋತ ಕೆಲವೇ ಗಂಟೆಗಳಲ್ಲಿ ಬೇರೆಯವರ ಆಟಕ್ಕೆ ಕಿರುಚಾಡಲು ಹೋಗುವುದು ಎಲ್ಲರಿಂದ ಆಗುವ ಕೆಲಸವಲ್ಲ. ನಾನು ಕಚೇರಿಯಲ್ಲಿ ಬಡ್ತಿ ತಪ್ಪಿದ ದಿನ ಮೂರು ದಿನಗಳವರೆಗೆ ಯಾರ ಮುಖವನ್ನೂ ನೋಡಲಿಲ್ಲ. ಹಿಂದಿನಗೆರೆ ಅವರು ಬೆಳಿಗ್ಗೆ ಸೋತು ರಾತ್ರಿ ಕುಣಿದದ್ದಕ್ಕೆ ನಾಚಬೇಕಾಗಿಲ್ಲ ಎಂದು ಹೇಳಲು ಇಷ್ಟುದ್ದ ಬರೆದೆ.

ಮೂರನೇಅಂಪೈರ್

ಇದೆಲ್ಲವೂ ಕ್ರಿಕೆಟ್‌ನಲ್ಲಿ...

ಎಡಗಾಲು

ಬೇಡ. ದಯವಿಟ್ಟು ಬೇಡ. ಕ್ರಿಕೆಟ್‌ಗೆ ಬೇರೆ ಮೂವತ್ತು ಚರ್ಚೆಗಳಿವೆ.

ನಾಣ್ಯಚಿಮ್ಮುಗೆ

ಅದೃಷ್ಟದ ಮಾತು ಬಂದುದರಿಂದ ಒಂದನ್ನು ಸೇರಿಸುತ್ತೇನೆ. 1968ರ ಯೂರೋಪಿಯನ್ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟ 120 ನಿಮಿಷ ಆಡಿಯೂ ಗೋಲು ಹೊಡೆಯಲಿಲ್ಲ. ಒಬ್ಬೊಬ್ಬರೇ ಬಂದು ಗೋಲಿಗೆ ಒದ್ದು ಸೋಲುಗೆಲುವು ತೀರ್ಮಾನಿಸುವ ಪೆನಾಲ್ಟಿ ಶೂಟೌಟ್ ಆಗ ಇರಲಿಲ್ಲ. ನಾಯಕರಿಬ್ಬರನ್ನು ಒಳಗೆ ಕರೆದು ನಾಣ್ಯ ಚಿಮ್ಮಿದರು. ಇಟಲಿ ಗೆದ್ದಿತು, ಫೈನಲ್‌ಗೆ ಹೋಗಿ ಕಪ್ಪನ್ನೂ ಗೆದ್ದಿತು. ಅಮೆರಿಕನ್ ಓಪನ್‌ನಲ್ಲಿ ಟೈ-ಬ್ರೇಕ್ ಬಂದದ್ದು 1970ರಲ್ಲಿ. ವಿಶ್ವಕಪ್‌ನಲ್ಲಿ ಮೊದಲ ಶೂಟೌಟ್ ನಡೆದದ್ದು 1982ರಲ್ಲಿ, ಪಶ್ಚಿಮ ಜರ್ಮನಿ ಮತ್ತು ಫ್ರಾನ್ಸ್ ನಡುವೆ. ಎರಡೂ ಆಟಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಮುಗಿಯದ ಆಟವನ್ನು ಮುಗಿಸುವ ದಾರಿ ಹುಡುಕುತ್ತಿದ್ದವು.

ಗಮನಿಸಬೇಕಾದ ಸಂಗತಿಯೆಂದರೆ ಶೂಟೌಟ್‌ನಲ್ಲಿ ಫುಟ್‌ಬಾಲ್ ಟೆನಿಸ್ ಆಗಿಬಿಡುತ್ತದೆ. ಗಡಿಯಾರ ನಿಲ್ಲುತ್ತದೆ, ತಂಡ ಮಧ್ಯದ ಗೆರೆಯ ಬಳಿ ಉಳಿಯುತ್ತದೆ, ಒಬ್ಬನೇ ಹನ್ನೊಂದು ಮೀಟರ್ ದೂರದಲ್ಲಿ ಚೆಂಡನ್ನಿಟ್ಟು ನಿಲ್ಲುತ್ತಾನೆ. 1994ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ಬಾಜಿಯೊ ಹೊಡೆದ ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿಹೋದಾಗ ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ. ಮಧ್ಯದ ಗೆರೆಯಿಂದ ಆ ಬಿಂದುವಿನವರೆಗೆ ನಡೆಯುವುದಿದೆಯಲ್ಲ, ನಿಮ್ಮ ಎರಡನೇ ಸರ್ವ್‌ಗೆ ಮುಂಚೆ ಚೆಂಡನ್ನು ನೆಲಕ್ಕೆ ಬಡಿಯುವುದೂ ಅದೇ ನಡಿಗೆ.

ಅಂಕಿಪ್ರಿಯ

ಸಣ್ಣ ತಿದ್ದುಪಡಿ: 1968ರ ಆ ಫೈನಲ್ ಕೂಡ ಮೊದಲ ದಿನ 1–1ರಲ್ಲಿ ಸಮವಾಗಿ, ಎರಡು ದಿನಗಳ ನಂತರ ಮತ್ತೆ ಆಡಿದಾಗ ಇಟಲಿ 2–0ರಿಂದ ಗೆದ್ದಿತು. ಆದ್ದರಿಂದ ಎಲ್ಲವನ್ನೂ ನಾಣ್ಯದ ತಲೆಗೆ ಕಟ್ಟಬೇಡಿ.

ಹಿಂದಿನಗೆರೆ

ಎಲ್ಲರ ಬರಹಗಳನ್ನೂ ಓದಿದೆ. ಬದಲಿಆಟಗಾರ್ತಿ ಅವರ ಮಾತುಗಳ ನಂತರ ನನ್ನ 5–2ರ ಗೋಳನ್ನು ಮತ್ತೆ ಎತ್ತಲು ಸಂಕೋಚವಾಗುತ್ತದೆ. ಆದರೂ ಒಂದು ವಿಷಯ ಸ್ಪಷ್ಟವಾಯಿತು. ಹೊತ್ತು ಕಳೆಯುವುದು ನನಗೆ ಚೆನ್ನಾಗಿ ಅಭ್ಯಾಸವಾಗಿಬಿಟ್ಟಿದೆ. ಕಚೇರಿಯಲ್ಲಿ ಸಭೆ ಮುಗಿಯಲು ಹತ್ತು ನಿಮಿಷಗಳಿರುವಾಗ ಕಷ್ಟದ ಪ್ರಶ್ನೆ ಬಂದರೆ, ಉತ್ತರಿಸುವ ಬದಲು ಗಡಿಯಾರ ನೋಡುತ್ತ ಮಾತನ್ನು ಉದ್ದ ಮಾಡುತ್ತೇನೆ. ಕಾರ್ನರ್ ಧ್ವಜದ ಬಳಿ ನಾನೂ ನಿಂತಿದ್ದೇನೆ. ಅದು ಎಷ್ಟೋ ಸಲ ಫಲಿಸಿದೆ, ಫಲಿಸಿದ್ದರಿಂದಲೇ ಅಂಗಣದಲ್ಲೂ ಅದೇ ಬುದ್ಧಿ ಬಂತು.

ನೆಟ್‌ಬಳಿಯವಳು ಅವರಿಗೆ ಒಂದು ಪ್ರಶ್ನೆ: ಮೆತ್ತಗೂ ಆಡಬಾರದು, ಆತುರವನ್ನೂ ಪಡಬಾರದು ಎಂದರೆ 40–15ರಲ್ಲಿ ನಿಖರವಾಗಿ ಏನು ಮಾಡಬೇಕು? ನಾಡಿದ್ದು ಭಾನುವಾರ ಅದೇ ಎದುರಾಳಿಯೊಡನೆ ಮತ್ತೆ ಆಟವಿದೆ.

ನೆಟ್‌ಬಳಿಯವಳು

ನಾನು ಮಾಡುವುದನ್ನು ಹೇಳುತ್ತೇನೆ, ಅದು ಎಲ್ಲರಿಗೂ ಹೊಂದುತ್ತದೆಂದು ಹೇಳಲಾರೆ. ಆ ಪಂದ್ಯದಲ್ಲಿ ಅಲ್ಲಿಯವರೆಗೆ ಯಾವ ಸರ್ವ್ ಹೆಚ್ಚು ಸಲ ಒಳಗೆ ಬಿದ್ದಿದೆಯೋ ಅದನ್ನೇ ಮಾಡಬೇಕು. ಗೆರೆಯ ಅಂಚಿಗೆ ಗುರಿಯಿಡದೆ ಎದುರಾಳಿಯ ಮೈಮೇಲೆ ಹೋಗುವಂತೆ ಹೊಡೆಯಬೇಕು, ಆಗ ಚೆಂಡಿಗೆ ಎರಡೂ ಕಡೆ ಜಾಗ ಉಳಿದಿರುತ್ತದೆ. ಎರಡನೇ ಸರ್ವ್‌ನಲ್ಲಿ ವೇಗ ತಗ್ಗಿಸಬೇಡಿ, ಸ್ಪಿನ್ ಹೆಚ್ಚಿಸಿ. ತೋಳು ಅದೇ ವೇಗದಲ್ಲಿ ಬೀಸಬೇಕು. ಮನಸ್ಸು ಹೆದರಿದಾಗ ಮೊದಲು ನಿಲ್ಲುವುದು ತೋಳಿನ ಬೀಸು. ಮತ್ತು 25 ಸೆಕೆಂಡುಗಳಿವೆ, ಅವುಗಳನ್ನು ಬಳಸಿ. ಅದು ನಿಮಗೆ ಪ್ರಿಯವಾದ ಹೊತ್ತು ಕಳೆಯುವ ಕೆಲಸವೇ, ಆದರೆ ನಿಯಮದೊಳಗಿನದು.

ಸೀಟಿಊದುವವ

ನಾನು ಬೆರಳಿನಲ್ಲಿ ಎಣಿಸುತ್ತಿರುತ್ತೇನೆ.

ಹಿಂದಿನಗೆರೆ

ಭಾನುವಾರದ ವರದಿ. ನಿರ್ಣಾಯಕ ಸೆಟ್‌ನಲ್ಲಿ 5–4, ಸರ್ವ್ ನನ್ನದು, ಅಂಕ 40–30. ಹೇಳಿದಂತೆ ಮೈಮೇಲೆ ಗುರಿಯಿಟ್ಟೆ, ಮೊದಲನೆಯದು ನೆಟ್‌ಗೆ ಹೋಯಿತು. ಎರಡನೆಯದನ್ನು ಪೂರ್ತಿ ತೋಳು ಬೀಸಿ ಹೊಡೆದೆ, ಉದ್ದವಾಗಿ ಹೊರಗೆ ಬಿತ್ತು. ಡಬಲ್ ಫಾಲ್ಟ್. ನೊವೊಟ್ನಾ ನೆನಪಾದರು, ಬೈದುಕೊಂಡೆ, ಆದರೆ ವಿಚಿತ್ರವೆಂದರೆ ತೋಳು ನಿಲ್ಲಲಿಲ್ಲ. ಮುಂದಿನ ಸರ್ವ್ ಚೆನ್ನಾಗಿ ಬಿತ್ತು, ಅವರ ಹೊಡೆತ ಹೊರಗೆ ಹೋಯಿತು. ಮತ್ತೆ ಮ್ಯಾಚ್ ಪಾಯಿಂಟ್. ಹದಿನೈದಿಪ್ಪತ್ತು ಹೊಡೆತಗಳ ರ‍್ಯಾಲಿ ನಡೆಯಿತು, ನಾನು ಒಂದು ಸಲವೂ ಮೆತ್ತಗೆ ಆಡಲಿಲ್ಲ ಎಂದು ಹೆಮ್ಮೆಯಿಂದ ಹೇಳಬಲ್ಲೆ. ಕೊನೆಗೆ ನಾನು ಹೊಡೆದ ಚೆಂಡು ನೆಟ್‌ನ ಪಟ್ಟಿಗೆ ತಾಗಿ, ಮೇಲೆದ್ದು, ಒಂದು ಕ್ಷಣ ಯೋಚಿಸಿ, ಅವರ ಕಡೆಗೆ ಸತ್ತು ಬಿತ್ತು. ಗೆದ್ದೆ.

ನಾಣ್ಯಚಿಮ್ಮುಗೆ

ನಾಣ್ಯ ನಿಮ್ಮ ಕಡೆ ಬಿತ್ತು ಎಂದು ಹೇಳಲು ನನಗೆ ಎಷ್ಟು ಆನಂದವಾಗುತ್ತಿದೆ ಎಂಬುದನ್ನು ಬರೆದು ತಿಳಿಸಲಾರೆ.

ಎಡಗಾಲು

ಅಷ್ಟೆಲ್ಲ ಉಪದೇಶ ಕೇಳಿ, ಕೊನೆಗೆ ಗೆಲ್ಲಿಸಿದ್ದು ನೆಟ್‌ನ ಪಟ್ಟಿ. ಇದನ್ನೇ ನಾವು ಫುಟ್‌ಬಾಲ್ ಎಂದು ಕರೆಯುತ್ತೇವೆ.

ಬದಲಿಆಟಗಾರ್ತಿ

ಅಭಿನಂದನೆಗಳು. ಧ್ವನಿಯಿಲ್ಲದೆ ನೋಡುವಾಗ ಅಂಥ ಅಂಕ ಇನ್ನೂ ಚೆನ್ನಾಗಿ ಕಾಣುತ್ತದೆ. ಅಂದಹಾಗೆ ಬರುವ ವಾರ ಅಣ್ಣ ನಾಲ್ಕು ದಿನ ಇರುತ್ತಾನಂತೆ. ಬೆಂಚಿನಿಂದ ಎದ್ದಿದ್ದಾನೆ, ಮೈ ಬಿಸಿಮಾಡಿಕೊಳ್ಳುತ್ತಿದ್ದಾನೆ ಎಂದಷ್ಟೇ ಸದ್ಯಕ್ಕೆ ಹೇಳಬಲ್ಲೆ.

ನೆಟ್‌ಬಳಿಯವಳು

ಹಿಂದಿನಗೆರೆ ಅವರೇ, ಚೆಂಡು ಹಾಗೆ ಬಿದ್ದಾಗ ಕೈ ಎತ್ತಿ ಕ್ಷಮೆ ಕೋರುವ ಸಂಪ್ರದಾಯವಿದೆ. ಕೋರಿದಿರಿ ತಾನೆ?

ಹಿಂದಿನಗೆರೆ

ಕೈ ಎತ್ತಿದೆ. ಅದನ್ನು ಇಳಿಸಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು, ಮತ್ತು ಮುಷ್ಟಿ ಬಿಗಿದಿತ್ತು ಎಂದು ನೋಡಿದವರು ಹೇಳುತ್ತಾರೆ.